ಪೈಥಾನ್ ಅನುಸ್ಥಾಪನೆ ಮತ್ತು ಪರೀಕ್ಷೆ

ಪೈಥಾನ್ ಅನುಸ್ಥಾಪನೆ ಎಂದರೆ ಪೈಥಾನ್ ಭಾಷೆಯಲ್ಲಿ ಬರೆದ ಕ್ರಮವಿಧಿಗಳನ್ನು ಓದಿ ನಡೆಸಬಲ್ಲ ರನ್‌ಟೈಮ್ ತಂತ್ರಾಂಶವನ್ನು ಗಣಕಯಂತ್ರದಲ್ಲಿ ನೆಲೆಗೊಳಿಸುವ ಕಾರ್ಯ. ಹೀಗೆ ನೆಲೆಗೊಳಿಸಿದ ತಂತ್ರಾಂಶವು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಪರೀಕ್ಷೆ. ಇವೆರಡೂ ಬೇರೆ ಬೇರೆ ಹಂತಗಳು. ಅನುಸ್ಥಾಪನೆ ಯಶಸ್ವಿಯಾಯಿತೆಂಬ ಸಂದೇಶ ಪರದೆಯ ಮೇಲೆ ಮೂಡಿದರೆ, ಅಗತ್ಯ ಕಡತಗಳು ಗಣಕದೊಳಗೆ ಸೇರಿವೆ ಎಂದಷ್ಟೇ ಅರ್ಥ. ತಂತ್ರಾಂಶವು ಆದೇಶಕ್ಕೆ ಓಗೊಡುತ್ತದೆಯೇ, ಓಗೊಡುತ್ತಿರುವುದು ನಾವು ಈಗ ಸ್ಥಾಪಿಸಿದ ಆವೃತ್ತಿಯೇ, ಅದು ಕನ್ನಡದ ಪಠ್ಯವನ್ನು ಕೆಡಿಸದೆ ಉಳಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಸಂದೇಶ ಉತ್ತರ ಕೊಡುವುದಿಲ್ಲ. ಉತ್ತರ ಮೊದಲೇ ತಿಳಿದಿರುವ ಕೆಲವು ಪ್ರಶ್ನೆಗಳನ್ನು ಯಂತ್ರಕ್ಕೆ ಕೇಳಿ ತಾಳೆ ನೋಡುವುದೇ ಪರೀಕ್ಷೆಯ ಕ್ರಮ.

ಈ ಲೇಖನದಲ್ಲಿ ಆದೇಶಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಟಂಕಿಸಬೇಕು. ಉದ್ಧರಣ ಚಿಹ್ನೆಗಳ ನಡುವೆ ಇರುವ ಕನ್ನಡ ಪದಗಳನ್ನು ಮಾತ್ರ ಕನ್ನಡದಲ್ಲಿ ಟಂಕಿಸಬೇಕು.

ಹಿನ್ನೆಲೆ

ಪೈಥಾನ್ ಭಾಷೆಯ ಕರ್ತೃ ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಗಣಕವಿಜ್ಞಾನ ಸಂಶೋಧನ ಸಂಸ್ಥೆಯಲ್ಲಿದ್ದಾಗ, 1989ರ ಡಿಸೆಂಬರಿನಲ್ಲಿ ಅವರು ಇದರ ರಚನೆಯನ್ನು ಆರಂಭಿಸಿದರು. ಮೊದಲ ಸಾರ್ವಜನಿಕ ಆವೃತ್ತಿ 1991ರಲ್ಲಿ ಬಿಡುಗಡೆಯಾಯಿತು. ಭಾಷೆಯ ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ. ಅದನ್ನು 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಎಂಬ ಬ್ರಿಟಿಷ್ ದೂರದರ್ಶನ ಹಾಸ್ಯ ಸರಣಿಯಿಂದ ಆರಿಸಿಕೊಳ್ಳಲಾಯಿತು.

2008ರ ಡಿಸೆಂಬರ್ 3ರಂದು ಹೊರಬಂದ ಪೈಥಾನ್ 3.0 ಆವೃತ್ತಿಯು ಹಿಂದಿನ ಆವೃತ್ತಿಗಳೊಂದಿಗೆ ಪೂರ್ಣವಾಗಿ ಹೊಂದಿಕೊಳ್ಳುವುದಿಲ್ಲ. ಪೈಥಾನ್ 2ರ ಅಧಿಕೃತ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು. ಆದರೂ ಹಳೆಯ ಪುಸ್ತಕಗಳಲ್ಲಿ ಮತ್ತು ಹಳೆಯ ಗಣಕಗಳಲ್ಲಿ ಪೈಥಾನ್ 2 ಇನ್ನೂ ಎದುರಾಗುತ್ತದೆ. ಆವೃತ್ತಿಯ ಪರೀಕ್ಷೆ ಮುಖ್ಯವಾಗಲು ಇದೂ ಒಂದು ಕಾರಣ. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಗಣಕವಿಜ್ಞಾನ ಪಠ್ಯಪುಸ್ತಕವು ಪೈಥಾನ್ 3 ಅನ್ನು ಬೋಧಿಸುತ್ತದೆ.

ರನ್‌ಟೈಮ್‌ನ ಸ್ವರೂಪ

ಗಣಕದ ಸಂಸ್ಕಾರಕಕ್ಕೆ ಪೈಥಾನ್ ಭಾಷೆ ನೇರವಾಗಿ ಅರ್ಥವಾಗುವುದಿಲ್ಲ. ಬರೆದದ್ದನ್ನು ಓದಿ ನಡೆಸುವ ಒಬ್ಬ ದುಭಾಷಿ ಬೇಕು. ಆ ಕೆಲಸವನ್ನು ಮಾಡುವ ತಂತ್ರಾಂಶವೇ ಇಂಟರ್‌ಪ್ರಿಟರ್. ಅಧಿಕೃತ ಜಾಲತಾಣದಲ್ಲಿ ದೊರೆಯುವ ಇಂಟರ್‌ಪ್ರಿಟರ್‌ಗೆ ಸಿಪೈಥಾನ್ ಎಂದು ಹೆಸರು. ಅದನ್ನು ಮುಖ್ಯವಾಗಿ ಸಿ ಭಾಷೆಯಲ್ಲಿ ಬರೆಯಲಾಗಿದೆ. ಅದು ಮೂಲ ಪಠ್ಯವನ್ನು ಮೊದಲು ಬೈಟ್‌ಕೋಡ್ ಎಂಬ ಮಧ್ಯಂತರ ರೂಪಕ್ಕೆ ಪರಿವರ್ತಿಸಿ, ಬಳಿಕ ಆ ಬೈಟ್‌ಕೋಡನ್ನು ನಡೆಸುತ್ತದೆ.

ಅನುಸ್ಥಾಪನೆಯಲ್ಲಿ ಇಂಟರ್‌ಪ್ರಿಟರ್ ಮಾತ್ರವಲ್ಲದೆ ಇನ್ನೂ ಕೆಲವು ಅಂಗಗಳು ಬರುತ್ತವೆ. ಗಣಿತ, ದಿನಾಂಕ, ಕಡತ, ಜಾಲಸಂಪರ್ಕ ಮೊದಲಾದ ಕೆಲಸಗಳಿಗೆ ಸಿದ್ಧ ಭಾಗಗಳನ್ನು ಒದಗಿಸುವ ಪ್ರಮಾಣಿತ ಗ್ರಂಥಾಲಯ ಅವುಗಳಲ್ಲಿ ಮುಖ್ಯವಾದುದು. ಹೊರಗಿನ ಭಾಗಗಳನ್ನು ತಂದು ಸೇರಿಸುವ ಪಿಪ್ ಎಂಬ ಸಾಧನ 3.4ನೆಯ ಆವೃತ್ತಿಯಿಂದ ಜೊತೆಗೇ ಬರುತ್ತಿದೆ. ಆರಂಭಿಕರಿಗೆ ಅನುಕೂಲವಾದ ಐಡಲ್ ಎಂಬ ಸರಳ ಸಂಪಾದಕವೂ ಸಾಮಾನ್ಯವಾಗಿ ಇರುತ್ತದೆ.

ಅನುಸ್ಥಾಪನೆಗೆ ಮುನ್ನ

ಪೈಥಾನ್ ಮುಕ್ತ ತಂತ್ರಾಂಶ, ಇದಕ್ಕೆ ಶುಲ್ಕವಿಲ್ಲ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ನ ಅಧಿಕೃತ ಜಾಲತಾಣವಾದ ಪೈಥಾನ್.ಆರ್ಗ್‌ನಿಂದಲೋ ಕಾರ್ಯಾಚರಣ ವ್ಯವಸ್ಥೆಯ ಸ್ವಂತ ಭಂಡಾರದಿಂದಲೋ ಇದನ್ನು ಪಡೆಯುವುದು ಸುರಕ್ಷಿತ. ಹಣ ಕೇಳುವ ಅಥವಾ ಬೇರೆ ತಂತ್ರಾಂಶಗಳನ್ನು ಅಂಟಿಸಿ ಕೊಡುವ ತಾಣಗಳಿಂದ ಇಳಿಸಿಕೊಳ್ಳಬಾರದು.

ಗಣಕದ ಕಾರ್ಯಾಚರಣ ವ್ಯವಸ್ಥೆ ಯಾವುದು, ಅದು 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ಮೊದಲು ತಿಳಿದಿರಬೇಕು. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಸರಣಿ ಪೈಥಾನ್ 3.8. ಪೈಥಾನ್ 3.13ಕ್ಕೆ ವಿಂಡೋಸ್ 10 ಅಥವಾ ಅನಂತರದ ವ್ಯವಸ್ಥೆ ಬೇಕು. ಹಳೆಯ ಯಂತ್ರದಲ್ಲಿ ಅನುಸ್ಥಾಪನೆ ಆರಂಭದಲ್ಲೇ ನಿಂತರೆ, ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಈ ಹೊಂದಾಣಿಕೆಯ ಕೊರತೆಯೇ.

ಅನುಸ್ಥಾಪನೆಯ ವಿಧಾನ

ವಿಂಡೋಸ್: ಇಳಿಸಿಕೊಂಡ ಅನುಸ್ಥಾಪಕ ಕಡತವನ್ನು ತೆರೆದಾಗ ಮೊದಲ ಕಿಟಕಿಯ ಕೆಳಭಾಗದಲ್ಲಿ ಪೈಥಾನನ್ನು 'ಪಾತ್'ಗೆ ಸೇರಿಸುವ ಆಯ್ಕೆಯ ಚೌಕವೊಂದು ಕಾಣುತ್ತದೆ. ಅದು ಮೊದಲಿಗೆ ಗುರುತು ಮಾಡದ ಸ್ಥಿತಿಯಲ್ಲಿರುತ್ತದೆ. ಪಾತ್ ಎಂದರೆ ಆದೇಶವೊಂದನ್ನು ಕೊಟ್ಟಾಗ ಅದಕ್ಕೆ ಸಂಬಂಧಿಸಿದ ತಂತ್ರಾಂಶವನ್ನು ಎಲ್ಲೆಲ್ಲಿ ಹುಡುಕಬೇಕು ಎಂದು ವ್ಯವಸ್ಥೆಗೆ ತಿಳಿಸುವ ವಿಳಾಸಗಳ ಪಟ್ಟಿ. ಹೊಸದಾಗಿ ಊರಿಗೆ ಬಂದವರ ಮನೆಯ ವಿಳಾಸ ಅಂಚೆಯವನಿಗೆ ತಿಳಿಯದಿದ್ದರೆ ಪತ್ರ ತಲುಪುವುದಿಲ್ಲ. ಹಾಗೆಯೇ ಈ ಪಟ್ಟಿಯಲ್ಲಿಲ್ಲದ ತಂತ್ರಾಂಶ ಗಣಕದೊಳಗೆ ಇದ್ದರೂ ಆದೇಶ ಅದನ್ನು ತಲುಪುವುದಿಲ್ಲ. ಆದ್ದರಿಂದ ಆ ಚೌಕವನ್ನು ಗುರುತು ಮಾಡಿದ ನಂತರವೇ 'ಇನ್‌ಸ್ಟಾಲ್ ನೌ' ಎಂಬುದನ್ನು ಒತ್ತಬೇಕು.

ಲಿನಕ್ಸ್: ಉಬುಂಟು, ಡೆಬಿಯನ್ ಮೊದಲಾದ ವಿತರಣೆಗಳಲ್ಲಿ ಪೈಥಾನ್ 3 ಸಾಮಾನ್ಯವಾಗಿ ಮೊದಲೇ ಇರುತ್ತದೆ. ವ್ಯವಸ್ಥೆಯ ಕೆಲವು ಸಾಧನಗಳು ಅದನ್ನೇ ಅವಲಂಬಿಸಿರುವುದರಿಂದ ಅದನ್ನು ತೆಗೆದುಹಾಕಬಾರದು. ಇಲ್ಲಿ ಆದೇಶದ ಹೆಸರು 'ಪೈಥಾನ್3' (ಕೊನೆಯಲ್ಲಿ ಅಂಕಿ ಮೂರು, ನಡುವೆ ತೆರಪಿಲ್ಲ). ಪಿಪ್ ಮುಂತಾದ ಅಂಗಗಳನ್ನು ವಿತರಣೆಯ ಭಂಡಾರದಿಂದ ಪ್ರತ್ಯೇಕವಾಗಿ ಸೇರಿಸಬೇಕಾಗಬಹುದು.

ಮ್ಯಾಕ್: ಆ್ಯಪಲ್ ತನ್ನ ವ್ಯವಸ್ಥೆಯೊಂದಿಗೆ ಕೊಡುತ್ತಿದ್ದ ಪೈಥಾನ್ 2.7 ಅನ್ನು 2022ರಲ್ಲಿ ಮ್ಯಾಕ್‌ಓಎಸ್ 12.3ರಿಂದ ಕೈಬಿಟ್ಟಿತು. ಅಧಿಕೃತ ತಾಣದ ಅನುಸ್ಥಾಪಕವನ್ನು ಬಳಸಿದವರು, ಅದು ಸೃಷ್ಟಿಸುವ ಪೈಥಾನ್ ಕಡತಕೋಶದಲ್ಲಿರುವ 'ಇನ್‌ಸ್ಟಾಲ್ ಸರ್ಟಿಫಿಕೇಟ್ಸ್' ಕಡತವನ್ನು ಒಮ್ಮೆ ನಡೆಸಬೇಕು. ಇಲ್ಲವಾದರೆ ಸುರಕ್ಷಿತ ಜಾಲತಾಣಗಳನ್ನು ಸಂಪರ್ಕಿಸುವ ಕ್ರಮವಿಧಿಗಳು ಪ್ರಮಾಣಪತ್ರದ ದೋಷ ತೋರಿಸಬಹುದು. ಇಲ್ಲಿಯೂ ಆದೇಶದ ಹೆಸರು 'ಪೈಥಾನ್3'.

ಪರೀಕ್ಷೆಯ ಹಂತಗಳು

ಆವೃತ್ತಿ: ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು, ಉಳಿದ ವ್ಯವಸ್ಥೆಗಳಲ್ಲಿ ಟರ್ಮಿನಲ್ಲನ್ನು ಹೊಸದಾಗಿ ತೆರೆಯಬೇಕು. ಅನುಸ್ಥಾಪನೆಗೆ ಮುನ್ನವೇ ತೆರೆದಿಟ್ಟ ಕಿಟಕಿಗೆ ಪಾತ್‌ನಲ್ಲಿ ಆದ ಬದಲಾವಣೆ ತಿಳಿದಿರುವುದಿಲ್ಲ. ಅಲ್ಲಿ 'ಪೈಥಾನ್ --ವರ್ಷನ್' ಎಂದು (ವರ್ಷನ್‌ಗೆ ಮೊದಲು ಎರಡು ಅಡ್ಡಗೆರೆಗಳು) ಟಂಕಿಸಿ ಎಂಟರ್ ಕೀಲಿ ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣಬೇಕು. ಆ ಸಂಖ್ಯೆಯು ಇಳಿಸಿಕೊಂಡ ಆವೃತ್ತಿಯದೇ ಎಂದು ಖಚಿತಪಡಿಸಿಕೊಳ್ಳಬೇಕು.

ಸ್ಥಳ: ಒಂದೇ ಗಣಕದಲ್ಲಿ ಎರಡು ಮೂರು ಪೈಥಾನ್‌ಗಳಿರುವುದು ಅಪರೂಪವಲ್ಲ. ವಿಂಡೋಸ್‌ನಲ್ಲಿ 'ವೇರ್ ಪೈಥಾನ್' ಎಂದೂ ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ 'ವಿಚ್ ಪೈಥಾನ್3' ಎಂದೂ ಕೇಳಿದರೆ ಆದೇಶಕ್ಕೆ ಓಗೊಡುವ ಇಂಟರ್‌ಪ್ರಿಟರ್ ಯಾವ ಕಡತಕೋಶದಲ್ಲಿದೆ ಎಂದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ಹಲವು ವಿಳಾಸಗಳು ಬಂದರೆ, ಸಾಮಾನ್ಯವಾಗಿ ಮೊದಲನೆಯದೇ ಬಳಕೆಯಾಗುವುದು.

ಗಣಿತ: 'ಪೈಥಾನ್' ಎಂದಷ್ಟೇ ಟಂಕಿಸಿದರೆ >>> ಎಂಬ ಚಿಹ್ನೆಯೊಂದಿಗೆ ಸಂವಾದ ಸ್ಥಿತಿ ತೆರೆಯುತ್ತದೆ. ಇಲ್ಲಿ ಮೂರು ಸಣ್ಣ ಲೆಕ್ಕಗಳು ಬಹಳಷ್ಟನ್ನು ಹೇಳುತ್ತವೆ.

7/2 ಎಂದು ಕೇಳಿದಾಗ 3.5 ಬಂದರೆ ಅದು ಪೈಥಾನ್ 3. 3 ಎಂದು ಬಂದರೆ ಪೈಥಾನ್ 2.

2**100 ಎಂದು ಕೇಳಿದಾಗ 1267650600228229401496703205376 ಬರಬೇಕು. ಪೂರ್ಣಾಂಕಗಳ ಗಾತ್ರಕ್ಕೆ ಪೈಥಾನ್ ಭಾಷೆಯಲ್ಲಿ ನಿಗದಿತ ಮಿತಿಯಿಲ್ಲ ಎಂಬುದಕ್ಕೆ ಇದು ನಿದರ್ಶನ.

0.1+0.2 ಎಂದು ಕೇಳಿದಾಗ 0.30000000000000004 ಬರುತ್ತದೆ. ಇದನ್ನು ಕಂಡು ಅನುಸ್ಥಾಪನೆ ಕೆಟ್ಟಿದೆ ಎಂದು ಭಾವಿಸಬಾರದು. ದಶಮಾಂಶ ಭಿನ್ನರಾಶಿಗಳನ್ನು ಗಣಕವು ದ್ವಿಮಾನ ಪದ್ಧತಿಯಲ್ಲಿ ಸೀಮಿತ ಸ್ಥಾನಗಳಲ್ಲಿ ಇಡುವುದರಿಂದ ಈ ಅಲ್ಪ ವ್ಯತ್ಯಾಸ ಉಂಟಾಗುತ್ತದೆ. ಬೇರೆ ಅನೇಕ ಭಾಷೆಗಳಲ್ಲಿಯೂ ಇದೇ ಉತ್ತರ ಬರುತ್ತದೆ.

ಸಂವಾದ ಸ್ಥಿತಿಯಿಂದ ಹೊರಬರಲು 'ಎಕ್ಸಿಟ್()' ಎಂದು ಟಂಕಿಸಬೇಕು.

ಗ್ರಂಥಾಲಯ: ಸಂವಾದ ಸ್ಥಿತಿಯಲ್ಲಿ 'ಇಂಪೋರ್ಟ್ ಎಸ್‌ಎಸ್‌ಎಲ್' ಮತ್ತು 'ಇಂಪೋರ್ಟ್ ಎಸ್‌ಕ್ಯುಲೈಟ್3' ಎಂಬ ಆದೇಶಗಳನ್ನು ಒಂದೊಂದಾಗಿ ಕೊಡಬೇಕು. ಮೊದಲನೆಯದು ಸುರಕ್ಷಿತ ಸಂಪರ್ಕಕ್ಕೂ ಎರಡನೆಯದು ದತ್ತಸಂಚಯಕ್ಕೂ ಸಂಬಂಧಿಸಿದ ಭಾಗ. ಅವು ಸರಿಯಾಗಿದ್ದರೆ ಪರದೆಯ ಮೇಲೆ ಯಾವ ಸಂದೇಶವೂ ಬಾರದು, >>> ಚಿಹ್ನೆ ಮಾತ್ರ ಮರಳಿ ಕಾಣುತ್ತದೆ. ಏನೂ ನಡೆಯಲಿಲ್ಲವೆಂದು ವಿದ್ಯಾರ್ಥಿಗಳು ಗಾಬರಿಯಾಗುವ ಸಂದರ್ಭವಿದು. ಇಲ್ಲಿ ಮೌನವೇ ಒಪ್ಪಿಗೆ.

ಕಡತ: ಕೊನೆಯದಾಗಿ, ಒಂದು ಸಾಲಿನ ಕ್ರಮವಿಧಿಯನ್ನು ಕಡತದಲ್ಲಿ ಬರೆದು, ಹೆಸರಿನ ಕೊನೆಗೆ ಚುಕ್ಕಿ ಮತ್ತು 'ಪಿವೈ' ಎಂಬ ಎರಡು ಅಕ್ಷರಗಳ ವಿಸ್ತರಣೆ ಕೊಟ್ಟು ಉಳಿಸಿ, 'ಪೈಥಾನ್' ಎಂಬ ಪದದ ಮುಂದೆ ಆ ಕಡತದ ಹೆಸರನ್ನು ಬರೆದು ನಡೆಸಬೇಕು. ಕಡತವಿರುವ ಕೋಶದಲ್ಲಿಯೇ ಆದೇಶದ ಕಿಟಕಿಯನ್ನು ತೆರೆದಿರಬೇಕು. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಹೆಸರಿನ ಕೊನೆಗೆ 'ಟಿಎಕ್ಸ್‌ಟಿ' ಎಂಬ ವಿಸ್ತರಣೆ ತಾನಾಗಿಯೇ ಸೇರಿ, ಕಣ್ಣಿಗೆ ಕಾಣದೆ ಉಳಿಯುವ ಸಾಧ್ಯತೆಯಿದೆ. ಕಡತ ಎದುರಿಗಿದ್ದರೂ ಸಿಗುತ್ತಿಲ್ಲವೆಂದು ಪೈಥಾನ್ ಹೇಳುವುದಕ್ಕೆ ಇದು ಒಂದು ಕಾರಣ.

ಕನ್ನಡ ಪಠ್ಯದ ಪರೀಕ್ಷೆ

ಬಹುತೇಕ ಪಠ್ಯಪುಸ್ತಕಗಳಲ್ಲಿ ಮೊದಲ ಕ್ರಮವಿಧಿ ಇಂಗ್ಲಿಷಿನಲ್ಲಿ ಒಂದು ಶುಭಾಶಯವನ್ನು ಮುದ್ರಿಸುತ್ತದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಣಕವು ಕನ್ನಡದ ಹೆಸರುಗಳ ಪಟ್ಟಿಯೊಂದನ್ನು ಉಳಿಸುವಾಗ ಎಡವಬಹುದು. ಆದ್ದರಿಂದ ಕನ್ನಡದಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿಯೇ ಪರೀಕ್ಷಿಸುವುದು ಅವಶ್ಯ.

ಪೈಥಾನ್ 3ರಲ್ಲಿ ಪಠ್ಯವೆಲ್ಲ ಯೂನಿಕೋಡ್ ಸಂಕೇತಗಳ ಸರಣಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವನ್ನು ಮೀಸಲಿಡಲಾಗಿದೆ. ಸಂವಾದ ಸ್ಥಿತಿಯಲ್ಲಿ 'ಲೆನ್' (ಎಲ್, ಇ, ಎನ್) ಎಂಬ ಸೂಚನೆಯ ಮೂಲಕ "ಕನ್ನಡ" ಎಂಬ ಪದದ ಉದ್ದವನ್ನು ಕೇಳಿದರೆ 5 ಎಂಬ ಉತ್ತರ ಬರಬೇಕು. ಕಣ್ಣಿಗೆ ಕಾಣುವ ಅಕ್ಷರಗಳು ಮೂರೇ ಆದರೂ ಗಣಕದ ಲೆಕ್ಕದಲ್ಲಿ ಅವು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಒತ್ತಕ್ಷರವು ವಿರಾಮ ಚಿಹ್ನೆಯ ಮೂಲಕ ರೂಪುಗೊಳ್ಳುತ್ತದೆ. ಇದೇ ಪದವನ್ನು ಯುಟಿಎಫ್-8 ಕ್ರಮದಲ್ಲಿ ಕಡತದಲ್ಲಿಟ್ಟಾಗ, ಸಂಕೇತವೊಂದಕ್ಕೆ ಮೂರರಂತೆ 15 ಬೈಟ್‌ಗಳಾಗುತ್ತವೆ. 'ಆರ್ಡ್' (ಓ, ಆರ್, ಡಿ) ಎಂಬ ಸೂಚನೆಯಿಂದ "ಕ" ಅಕ್ಷರದ ಸಂಕೇತಸಂಖ್ಯೆಯನ್ನು ಕೇಳಿದರೆ 3221 ಬರಬೇಕು.

ವಿಂಡೋಸ್‌ನ ಹಳೆಯ ಆದೇಶ ಕಿಟಕಿಯಲ್ಲಿ ಕನ್ನಡ ಅಕ್ಷರಗಳು ಚೌಕಗಳಾಗಿ ಅಥವಾ ಒತ್ತುಗಳು ಬಿಡಿಬಿಡಿಯಾಗಿ ಕಾಣಬಹುದು. ಅದು ಆ ಕಿಟಕಿಯ ಅಕ್ಷರವಿನ್ಯಾಸದ ಕೊರತೆ, ಪೈಥಾನ್‌ನದಲ್ಲ. ಕಣ್ಣಿಗೆ ಅಸ್ತವ್ಯಸ್ತವಾಗಿ ಕಂಡರೂ ಉದ್ದದ ಉತ್ತರ 5 ಎಂದು ಬಂದರೆ ಪಠ್ಯ ಒಳಗೆ ಸುಸ್ಥಿತಿಯಲ್ಲಿದೆ ಎಂದು ತಿಳಿಯಬೇಕು. ಐಡಲ್‌ನಲ್ಲಿ ಅಥವಾ ಬೇರೊಂದು ಸಂಪಾದಕದಲ್ಲಿ ಅದನ್ನೇ ನೋಡಿ ಹೋಲಿಸಬಹುದು.

ನಿಜವಾದ ತೊಡಕು ಕಡತಕ್ಕೆ ಬರೆಯುವಾಗ ಬರುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಬಹುಕಾಲದಿಂದ, ಸಂಕೇತಕ್ರಮವನ್ನು ಸೂಚಿಸದೆ ಕಡತ ತೆರೆದಾಗ ವ್ಯವಸ್ಥೆಯ ಸ್ಥಳೀಯ ಕ್ರಮವನ್ನೇ ಅನುಸರಿಸುತ್ತ ಬಂದಿದೆ. ಅದು ಪಶ್ಚಿಮ ಯುರೋಪಿನ ಲಿಪಿಗಳಿಗೆ ಮೀಸಲಾದ 1252ನೆಯ ಸಂಕೇತಪುಟವಾಗಿದ್ದರೆ ಅದರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಆಗ 'ಯೂನಿಕೋಡ್ ಎನ್‌ಕೋಡ್ ಎರರ್' ಎಂಬ ದೋಷ ಬಂದು ಕ್ರಮವಿಧಿ ನಿಲ್ಲುತ್ತದೆ. ಕಡತ ತೆರೆಯುವ 'ಓಪನ್' ಸೂಚನೆಯಲ್ಲಿ 'ಎನ್‌ಕೋಡಿಂಗ್' ಎಂಬ ಅಂಶಕ್ಕೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಕೊಡುವುದು ಇದಕ್ಕೆ ಪರಿಹಾರ. 3.15ನೆಯ ಆವೃತ್ತಿಯಿಂದ ಯುಟಿಎಫ್-8 ಅನ್ನೇ ಸಹಜ ಕ್ರಮವಾಗಿಸುವ ಪ್ರಸ್ತಾವ ಅಂಗೀಕೃತವಾಗಿದೆ. ಪರೀಕ್ಷೆಗಾಗಿ ನಾಲ್ಕು ಕನ್ನಡ ಹೆಸರುಗಳನ್ನು ಕಡತಕ್ಕೆ ಬರೆದು, ಮುಚ್ಚಿ, ಮತ್ತೆ ತೆರೆದು ಓದಿ, ಬರೆದದ್ದೇ ಬಂದಿದೆಯೇ ಎಂದು ಹೋಲಿಸಬೇಕು.

ಕನ್ನಡ ಅಂಕಿಗಳಿಗೂ ಒಂದು ವಿಶೇಷವಿದೆ. "೧೨೩" ಎಂಬ ಪಠ್ಯವನ್ನು 'ಇಂಟ್' ಎಂಬ ಸೂಚನೆಗೆ ಕೊಟ್ಟರೆ ಪೈಥಾನ್ ಅದನ್ನು 123 ಎಂಬ ಸಂಖ್ಯೆಯಾಗಿ ಸ್ವೀಕರಿಸುತ್ತದೆ. ಆದರೆ ಉದ್ಧರಣ ಚಿಹ್ನೆಗಳಿಲ್ಲದೆ ಕ್ರಮವಿಧಿಯ ನಡುವೆ ನೇರವಾಗಿ ೧೨೩ ಎಂದು ಬರೆದರೆ ಒಪ್ಪುವುದಿಲ್ಲ. ಚರಾಂಶಗಳಿಗೆ ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳನ್ನು ಇಡಬಹುದು.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಪೈಥಾನ್ ಕನ್ನಡವೆಂದು ಗುರುತಿಸಲಾರದು. ಅವುಗಳಲ್ಲಿ ಇರುವುದು ಕನ್ನಡದ ಆಕಾರ ತೊಟ್ಟ ರೋಮನ್ ಸಂಕೇತಗಳು. ಅಂಥ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಆದೇಶ ಪರಿಚಿತವಲ್ಲ ಎಂಬ ಸಂದೇಶ: ಪಾತ್ ಪಟ್ಟಿಗೆ ಪೈಥಾನ್ ಸೇರಿಲ್ಲ. ಅನುಸ್ಥಾಪಕವನ್ನು ಮತ್ತೆ ತೆರೆದು 'ಮಾಡಿಫೈ' ಆಯ್ಕೆಯ ಮೂಲಕ ಅದನ್ನು ಸೇರಿಸಬಹುದು. ಅಲ್ಲಿಯವರೆಗೆ 'ಪಿವೈ' ಎಂಬ ಎರಡಕ್ಷರದ ಆದೇಶ ಕೆಲಸ ಮಾಡುತ್ತದೆಯೇ ಎಂದು ನೋಡಬಹುದು.

ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುವುದು: ವಿಂಡೋಸ್ 10 ಮತ್ತು 11ರಲ್ಲಿ 'ಪೈಥಾನ್' ಎಂಬ ಹೆಸರಿಗೆ ಅಂಗಡಿಯತ್ತ ಕಳುಹಿಸುವ ಒಂದು ಅಡ್ಡಹೆಸರನ್ನು ಇಟ್ಟಿರುತ್ತಾರೆ. ವ್ಯವಸ್ಥೆಯ ಸಂಯೋಜನೆಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಹುದು.

ಆದೇಶವನ್ನು ತಪ್ಪಾದ ಸ್ಥಳದಲ್ಲಿ ಕೊಡುವುದು: ಆವೃತ್ತಿ ಕೇಳುವ ಆದೇಶವನ್ನು >>> ಚಿಹ್ನೆಯ ಮುಂದೆ ಟಂಕಿಸಿದರೆ ಹೆಸರು ಪರಿಚಿತವಲ್ಲ ಎಂಬ ದೋಷಸಂದೇಶ ಬರುತ್ತದೆ. ಅದನ್ನು ವ್ಯವಸ್ಥೆಗೆ ಕೇಳಬೇಕು, ಪೈಥಾನ್‌ಗೆ ಅಲ್ಲ.

ಮುದ್ರಣದ ಸೂಚನೆ ನಡೆಯದಿರುವುದು: ಹಳೆಯ ಪುಸ್ತಕಗಳಲ್ಲಿ 'ಪ್ರಿಂಟ್' ನಂತರ ಆವರಣ ಚಿಹ್ನೆಗಳಿರುವುದಿಲ್ಲ. ಪೈಥಾನ್ 3ರಲ್ಲಿ ಅವು ಕಡ್ಡಾಯ.

ಬಾಗಿದ ಉದ್ಧರಣ ಚಿಹ್ನೆಗಳು: ಪದಸಂಸ್ಕಾರಕದಿಂದ ನಕಲಿಸಿದ ಸಾಲುಗಳಲ್ಲಿ ನೇರ ಚಿಹ್ನೆಗಳ ಬದಲು ಬಾಗಿದ ಚಿಹ್ನೆಗಳಿದ್ದರೆ ಪೈಥಾನ್ ಒಪ್ಪುವುದಿಲ್ಲ. ಅಂಥ ಸಾಲನ್ನು ಸಂಪಾದಕದಲ್ಲಿ ಹೊಸದಾಗಿ ಟಂಕಿಸುವುದು ಒಳ್ಳೆಯದು.

ಕಡತದ ಹೆಸರಿನ ಗೊಂದಲ: ತಮ್ಮ ಕಡತಕ್ಕೆ 'ರ‍್ಯಾಂಡಮ್' ಎಂಬಂಥ ಪ್ರಮಾಣಿತ ಗ್ರಂಥಾಲಯದ ಹೆಸರನ್ನೇ ಇಟ್ಟರೆ, ಗ್ರಂಥಾಲಯದ ಭಾಗಕ್ಕೆ ಬದಲಾಗಿ ಆ ಕಡತವೇ ತೆರೆದುಕೊಳ್ಳುತ್ತದೆ. ನಿನ್ನೆ ನಡೆಯುತ್ತಿದ್ದ ಕ್ರಮವಿಧಿ ಇಂದು ನಿಂತರೆ ಇದನ್ನೂ ಪರಿಶೀಲಿಸಬೇಕು.

ದೋಷಸಂದೇಶವನ್ನು ಕೆಳಗಿನಿಂದ ಓದುವುದು ವಾಡಿಕೆ. ಕೊನೆಯ ಸಾಲು ದೋಷದ ಬಗೆಯನ್ನೂ ಅದರ ಮೇಲಿನ ಸಾಲುಗಳು ದೋಷ ಸಂಭವಿಸಿದ ಸ್ಥಳವನ್ನೂ ತಿಳಿಸುತ್ತವೆ. ಸಂದೇಶವನ್ನು ಓದದೆ ಇಡೀ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವುದರಿಂದ ಸಮಯ ವ್ಯರ್ಥವಾಗುತ್ತದೆಯೇ ಹೊರತು ಮೂಲ ಕಾರಣ ತಿಳಿಯುವುದಿಲ್ಲ.

ಪ್ರತ್ಯೇಕ ಪರಿಸರಗಳು

ಬೇರೆ ಬೇರೆ ಯೋಜನೆಗಳಿಗೆ ಒಂದೇ ಗ್ರಂಥಾಲಯದ ಭಿನ್ನ ಆವೃತ್ತಿಗಳು ಬೇಕಾಗಬಹುದು. ಅವು ಒಂದಕ್ಕೊಂದು ಅಡ್ಡಿಯಾಗದಂತೆ ಪ್ರತಿ ಯೋಜನೆಗೂ ಪ್ರತ್ಯೇಕ ಪರಿಸರವನ್ನು ಕಲ್ಪಿಸುವ ಸೌಲಭ್ಯ 3.3ನೆಯ ಆವೃತ್ತಿಯಿಂದ ಪ್ರಮಾಣಿತ ಗ್ರಂಥಾಲಯದಲ್ಲಿದೆ. ಡೆಬಿಯನ್ 12 ಮೊದಲಾದ ಇತ್ತೀಚಿನ ಲಿನಕ್ಸ್ ವಿತರಣೆಗಳು, ವ್ಯವಸ್ಥೆಯ ಪೈಥಾನ್‌ಗೆ ಪಿಪ್ ಮೂಲಕ ನೇರವಾಗಿ ಭಾಗಗಳನ್ನು ಸೇರಿಸಲು ಹೋದರೆ ತಡೆದು, ಪ್ರತ್ಯೇಕ ಪರಿಸರವನ್ನು ಬಳಸುವಂತೆ ಸೂಚಿಸುತ್ತವೆ. ಇದು ದೋಷವಲ್ಲ, ವ್ಯವಸ್ಥೆಯ ರಕ್ಷಣೆಗಾಗಿ ಮಾಡಿದ ಏರ್ಪಾಡು.

ನವೀಕರಣ

3.9ನೆಯ ಆವೃತ್ತಿಯಿಂದ ಈಚೆಗೆ ಪ್ರತಿ ವರ್ಷ ಅಕ್ಟೋಬರ್ ತಿಂಗಳಿನಲ್ಲಿ ಪೈಥಾನ್‌ನ ಹೊಸ ಆವೃತ್ತಿ ಬಿಡುಗಡೆಯಾಗುತ್ತಿದೆ. ಪ್ರತಿ ಆವೃತ್ತಿಗೂ ಸುಮಾರು ಐದು ವರ್ಷಗಳ ಬೆಂಬಲವಿರುತ್ತದೆ. ವಿಂಡೋಸ್‌ನಲ್ಲಿ ಹೊಸ ಆವೃತ್ತಿಯು ಹಳೆಯದರ ಪಕ್ಕದಲ್ಲಿ ಪ್ರತ್ಯೇಕವಾಗಿ ನೆಲೆಗೊಳ್ಳುತ್ತದೆ. ಹಳೆಯದಕ್ಕೆ ಸೇರಿಸಿದ್ದ ಹೊರಗಿನ ಭಾಗಗಳು ಹೊಸದಕ್ಕೆ ತಾವಾಗಿ ಬರುವುದಿಲ್ಲ. ಆದ್ದರಿಂದ ಪ್ರತಿ ನವೀಕರಣದ ನಂತರವೂ ಆವೃತ್ತಿ, ಸ್ಥಳ, ಗಣಿತ, ಗ್ರಂಥಾಲಯ, ಕಡತ ಮತ್ತು ಕನ್ನಡ ಪಠ್ಯ ಎಂಬ ಆರು ಪರೀಕ್ಷೆಗಳನ್ನು ಮೊದಲಿನಿಂದ ಮಾಡಬೇಕು.